ದೀಪವುಂಟು, ದಾರಿಯಿಲ್ಲ

ಲ್ಯಾಪ್‌ಟಾಪಿಗೆ ಜಾಲದ ಕೇಬಲನ್ನು ಸಿಕ್ಕಿಸುತ್ತೇವೆ. ಕಿಂಡಿಯ ಪಕ್ಕದ ಹಸುರು ದೀಪ ಹೊತ್ತಿಕೊಳ್ಳುತ್ತದೆ. ಆದರೂ ಕಡತವೊಂದು ಅತ್ತ ಹೋಗದು, ಇತ್ತ ಬಾರದು. ಇಂಥಲ್ಲಿ ಯಂತ್ರವನ್ನೇ ದೂಷಿಸುವುದು ವಾಡಿಕೆ. ನಮ್ಮ ಪ್ರಯೋಗಾಲಯದ ಮೂಲೆಯ ಮೇಜಿಗೆ ಹೊಸದಾಗಿ ಬಂದ ವಿದ್ಯಾರ್ಥಿನಿಯೊಬ್ಬಳ ಹಳೆಯ ಲ್ಯಾಪ್‌ಟಾಪಿಗೆ ಈ ರೋಗ ತಗಲಿದಾಗ, ಅದರ ಆಯುಸ್ಸು ಮುಗಿಯಿತೆಂದು ತೀರ್ಪಿತ್ತವರಲ್ಲಿ ನಾವೂ ಸೇರಿದ್ದೆವು. ಆಕೆಯ ತಂದೆ ಹೊಸದಕ್ಕಾಗಿ ಸಾಲಮಾಡಲು ಹೊರಟಿದ್ದಾರೆಂದು ಕೇಳಿದ ಮೇಲಷ್ಟೇ ನಾಚಿಕೆಯಾಗಿ ಪರೀಕ್ಷೆಗೆ ತೊಡಗಿದೆವು.

ಕೇಬಲುಗಳೆಲ್ಲ ಬಂದು ಕೂಡುವ ಪೆಟ್ಟಿಗೆಯ ಬಳಿಗೆ ಲ್ಯಾಪ್‌ಟಾಪನ್ನು ಒಯ್ದು, ಅದೇ ಕಿಂಡಿಗೆ ೧ ಮೀಟರಿನ ಬೇರೊಂದು ಕೇಬಲಿನಿಂದ ಜೋಡಿಸಿದೆವು. ಕಡತ ಕ್ಷಣಾರ್ಧದಲ್ಲಿ ಹೋಯಿತು! ಯಂತ್ರ ನಿರಪರಾಧಿ. ಉಳಿದದ್ದು ಗೋಡೆಯುದ್ದಕ್ಕೂ ಹಾಯ್ದ ಸುಮಾರು ೪೦ ಮೀಟರ್ ಕೇಬಲು. ತಂತಿ ಪರೀಕ್ಷಿಸುವ ಪುಟ್ಟ ಉಪಕರಣವನ್ನು ಅದಕ್ಕೆ ಹಚ್ಚಿದರೆ, ಎಂಟು ತಂತಿಗಳೂ ಅಖಂಡ. ಈ ತುದಿಯ ಮೂರನೆಯದು ಆ ತುದಿಯ ಮೂರನೆಯದಕ್ಕೇ ಸೇರಿತ್ತು. ಹಾಗಾದರೆ ದೋಷವೆಲ್ಲಿ?

ಈ ಎಂಟು ತಂತಿಗಳನ್ನು ಎರಡೆರಡಾಗಿ ಹೊಸೆದು ನಾಲ್ಕು ಜೋಡಿ ಮಾಡಿರುತ್ತಾರೆ. ಜೋಡಿಯ ಒಂದು ತಂತಿಯಲ್ಲಿ ಸಂಕೇತ ಧನವಾದಾಗ ಇನ್ನೊಂದರಲ್ಲಿ ಅಷ್ಟೇ ಋಣ. ಗ್ರಾಹಕವು ಇವೆರಡರ ವ್ಯತ್ಯಾಸವನ್ನು ಮಾತ್ರ ಓದುತ್ತದೆ. ಹೊರಗಿನ ಕಾಂತಕ್ಷೇತ್ರ ಒಂದು ಸುತ್ತಿನಲ್ಲಿ ಪ್ರೇರಿಸಿದ ವೋಲ್ಟೇಜು ಮುಂದಿನ ಸುತ್ತಿನಲ್ಲಿ ತಿರುವುಮುರುವಾಗಿ, ಒಟ್ಟಿನಲ್ಲಿ ಅಳಿಸಿಹೋಗುತ್ತದೆ. ಫ್ಯಾರಡೆಯ ನಿಯಮವನ್ನು ಓದಿದ ವಾಚಕರು ಚಿತ್ರ ಬರೆದು ನೋಡಬಹುದು. ಹೊಸೆದ ಜೋಡಿಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ೧೮೮೧ರಲ್ಲಿಯೇ ಪೇಟೆಂಟು ಪಡೆದಿದ್ದನು.

ಪ್ಲಗ್ಗಿನಲ್ಲಿ ೧-೨ ಒಂದು ಜೋಡಿ, ೪-೫ ಇನ್ನೊಂದು, ೭-೮ ಮತ್ತೊಂದು. ಉಳಿದ ಜೋಡಿ ಮಾತ್ರ ನಡುವಿನದನ್ನು ದಾಟಿ ಕಾಲುಚಾಚಿ ೩ನ್ನೂ ೬ನ್ನೂ ಹಿಡಿಯಬೇಕು. ಈ ವಿಚಿತ್ರ ಏರ್ಪಾಡು ಟೆಲಿಫೋನಿನಿಂದ ಬಂದ ಬಳುವಳಿ. ನಮ್ಮ ಕೇಬಲನ್ನು ಕಟ್ಟಿದಾತ ಎರಡು ತುದಿಗಳಲ್ಲೂ ಬಣ್ಣಗಳನ್ನು ಅಚ್ಚುಕಟ್ಟಾಗಿ ಸಾಲಿಟ್ಟು ೩-೪, ೫-೬ ಎಂದು ಕೂಡಿಸಿದ್ದನು. (ನಾವಾಗಿದ್ದರೂ ಹಾಗೆಯೇ ಮಾಡುತ್ತಿದ್ದೆವೇನೋ!) ಉಪಕರಣದ ದೃಷ್ಟಿಗೆ ಅದು ಸರಿಯೇ. ಆದರೆ ೩-೬ರ ಸಂಕೇತವನ್ನು ಒಯ್ಯುವ ತಂತಿಗಳೆರಡೂ ಈಗ ಬೇರೆಬೇರೆ ಹೊಸೆತಗಳವು. ೪-೫ರ ಗತಿಯೂ ಅದೇ. ಪ್ರತಿಯೊಂದು ತಂತಿಯೂ ಪರರ ಸಂಕೇತದೊಡನೆ ಹೆಣೆದುಕೊಂಡಿದೆ. ನೆರೆಯ ಗಲಭೆ ಅಳಿಯುವ ಬದಲು ಒಳನುಗ್ಗುತ್ತದೆ. ಒಂದೆರಡು ಮೀಟರಿನಲ್ಲಿ ಇದು ತಿಳಿಯದೆ ಹೋಗಬಹುದು. ೪೦ ಮೀಟರಿನಲ್ಲಿ ದೀಪ ಹೊತ್ತಿಸುವಷ್ಟು ಸಂಕೇತ ದಾಟಿದರೂ ಕಡತ ಚೂರಾಗುತ್ತದೆ.

ಎರಡೂ ತುದಿಗಳನ್ನು ಕತ್ತರಿಸಿ, ಹಸುರು ಜೋಡಿಯನ್ನು ೩-೬ಕ್ಕೂ ನೀಲಿಯನ್ನು ೪-೫ಕ್ಕೂ ತಂದು, ಹೊಸೆತವನ್ನು ಆದಷ್ಟು ಕಡಿಮೆ ಬಿಚ್ಚಿ, ಹೊಸ ಪ್ಲಗ್ಗುಗಳನ್ನು ಅದುಮಿದೆವು. ಖರ್ಚಾದುದು ಕೆಲವೇ ರೂಪಾಯಿ. ಆ ಹಳೆಯ ಲ್ಯಾಪ್‌ಟಾಪು ಈಗಲೂ ಅದೇ ಮೂಲೆಯ ಮೇಜಿನ ಮೇಲೆ ಕೆಲಸಮಾಡುತ್ತಿದೆ. ಸಾಲದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.