ಮರಿನಾಯಿಯ ಕರುಳಿಗೆ ಕಾಣದ ಹಗೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಿಲಾಶಾಸನವೊಂದು ನಾಯಿಯ ಕಥೆಯನ್ನು ಹೇಳುತ್ತದೆ. ಮಣಲೆರನೆಂಬ ವೀರನು ಮೆಚ್ಚುಗೊಡೆಯಾಗಿ ಬೇಡಿ ಪಡೆದ 'ಕಾಳಿ' ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಮಡಿಯಿತು. ಕ್ರಿ.ಶ. 949-50ರ ಆ ಕಲ್ಲು ಕನ್ನಡಿಗರ ಶ್ವಾನಪ್ರೀತಿಗೆ ಸಾಕ್ಷಿ. ಕಾಳಿಯ ಹಗೆಗೆ ಕೋರೆದಾಡೆಗಳಿದ್ದವು, ಅದು ಕಣ್ಣಿಗೆ ಕಾಣುತ್ತಿತ್ತು. ಇಂದು ನಮ್ಮ ಮನೆಗಳ ಮರಿನಾಯಿಗಳನ್ನು ಕೊಲ್ಲುವ ಹಗೆಯಾದರೋ ಒಂದು ಮಿಲಿಮೀಟರಿನ ನಲವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಗಾತ್ರದ್ದು. ಅದರ ಹೆಸರು ಪಾರ್ವೊ ವೈರಾಣು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ 'ಚಿಕ್ಕದು' ಎಂದೇ ಅರ್ಥ.

ನಂಜನಗೂಡು ತಾಲ್ಲೂಕಿನ ಹೆಡತಲೆಯಂತಹ ಗ್ರಾಮದ ಜಗಲಿಯಾಗಲಿ, ಮೈಸೂರು ನಗರದ ಬಡಾವಣೆಯ ಮನೆಯಾಗಲಿ, ರೋಗದ ಬರವು ಒಂದೇ ಬಗೆ. ನಿನ್ನೆ ಮಕ್ಕಳ ಕಾಲಿಗೆ ತೊಡರಿಕೊಂಡು ಆಡುತ್ತಿದ್ದ ಎರಡು ತಿಂಗಳ ಮರಿ ಬೆಳಗ್ಗೆ ಹಾಲು ಮುಟ್ಟುವುದಿಲ್ಲ. ಮೂಲೆ ಸೇರಿ ವಾಂತಿ ಮಾಡಿಕೊಳ್ಳುತ್ತದೆ. ಬಳಿಕ ನೆತ್ತರು ಬೆರೆತ, ಸಹಿಸಲಾಗದ ನಾತದ ಭೇದಿ. ಜಂತುಹುಳುವೆಂದು ಒಬ್ಬರು, ಏನೋ ತಿಂದಿರಬೇಕೆಂದು ಇನ್ನೊಬ್ಬರು, ದೃಷ್ಟಿಯೆಂದು ಅಜ್ಜಿ. ಈ ಚರ್ಚೆಯಲ್ಲಿ ಎರಡು ದಿನ ಕಳೆದರೆ ಮರಿಯ ಕಾಲವೂ ಕಳೆದಂತೆಯೇ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಬದುಕುವ ಮರಿಗಳು ವಿರಳ.

ಸೋಜಿಗವೆಂದರೆ, 1970ರ ದಶಕದ ಮೊದಲ ವರ್ಷಗಳವರೆಗೂ ಪಶುವೈದ್ಯರು ಈ ರೋಗವನ್ನು ಕಂಡವರಲ್ಲ. ಬೆಕ್ಕುಗಳಲ್ಲಿ ಬಹುಕಾಲದಿಂದ ತಿಳಿದಿದ್ದ ವೈರಾಣುವೊಂದರ ಹತ್ತಿರದ ನೆಂಟ ತನ್ನ ಹೊರಕವಚದಲ್ಲಿ ಕೆಲವೇ ಮಾರ್ಪಾಡುಗಳನ್ನು ಮಾಡಿಕೊಂಡು ನಾಯಿಯ ಮೈಯನ್ನು ಹೊಕ್ಕಿತು. 1978ರಲ್ಲಿ ರೋಗ ಗುರುತಿಗೆ ಬಂದಿತು. ಎರಡು ವರ್ಷಗಳೊಳಗೆ ಲೋಕವನ್ನೇ ಸುತ್ತಿತು. 1980ರ ದಶಕದ ಆರಂಭದಲ್ಲಿಯೇ ಮದರಾಸಿನ ಪಶುವೈದ್ಯರು ಅದನ್ನು ಕಂಡರು.

ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳಲ್ಲಿ ಮಾತ್ರ ಈ ವೈರಾಣು ಬೆಳೆಯಬಲ್ಲದು. ಆದ್ದರಿಂದಲೇ ಅದು ಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಮಜ್ಜೆಯನ್ನು ಬಾಧಿಸಿ, ರೋಗದೊಡನೆ ಹೋರಾಡಬೇಕಾದ ಬಿಳಿಯ ರಕ್ತಕಣಗಳನ್ನೂ ಕುಗ್ಗಿಸುತ್ತದೆ. ಆದರೆ ಎಲ್ಲ ಭೇದಿಯೂ ಪಾರ್ವೊ ಅಲ್ಲ. ಕೊರೋನಾ ಕುಲಕ್ಕೆ ಸೇರಿದ, ನಾಯಿಗಳದೇ ಆದ ಬೇರೊಂದು ವೈರಾಣುವೂ ಭೇದಿಯನ್ನುಂಟುಮಾಡುತ್ತದೆ. ಅದು ಬಹುಮಟ್ಟಿಗೆ ಸೌಮ್ಯ. ಕೇವಲ ನೋಡಿ ಇದು ಇಂಥದೇ ಎಂದು ನಿರ್ಧರಿಸಲು ಅನುಭವಿ ವೈದ್ಯರೂ ಹಿಂಜರಿಯುತ್ತಾರೆ.

ಹಿಂದೆ ಮಲದ ದ್ರಾವಣವನ್ನು ಹಂದಿಯ ಕೆಂಪು ರಕ್ತಕಣಗಳೊಡನೆ ಬೆರೆಸಿ, ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುವೇ ಎಂದು ನೋಡುತ್ತಿದ್ದರು. ಈಗ ಆಸ್ಪತ್ರೆಯ ಮೇಜಿನ ಮೇಲೆಯೇ ಕೆಲವು ನಿಮಿಷಗಳಲ್ಲಿ ಗೆರೆ ಮೂಡಿಸಿ ತೋರುವ ಪಟ್ಟಿಗಳು ಬಂದಿವೆ. ಇನ್ನೂ ಸೂಕ್ಷ್ಮವಾದದ್ದು ಪಿಸಿಆರ್ ಪರೀಕ್ಷೆ. ಹತ್ತಿ ಸುತ್ತಿದ ಕಡ್ಡಿಯಿಂದ ಗುದದ್ವಾರದಲ್ಲಿ ತೆಗೆದ ಅತ್ಯಲ್ಪ ಮಾದರಿಯಲ್ಲಿ ವೈರಾಣುವಿನ ಡಿಎನ್ಎ ಎಳೆಯೊಂದಿದ್ದರೂ ಸಾಕು, ಅದನ್ನು ಕೋಟಿ ಕೋಟಿ ಪ್ರತಿಗಳಾಗಿ ಬೆಳೆಸಿ ಕಣ್ಣಿಗೆ ಕಾಣಿಸುತ್ತದೆ. ಆ ಬಳಿಕ ಎಳೆಯ ಅಕ್ಷರಗಳನ್ನು ಸಾಲಾಗಿ ಓದುವುದು. ಸುಮಾರು 5,000 ಅಕ್ಷರಗಳ ಗ್ರಂಥವದು. ಶಾಸನ ಓದುವವರು ಒಂದು ಅಕ್ಷರದ ತಿರುವಿನಿಂದ ಕಾಲವನ್ನು ನಿರ್ಣಯಿಸುವಂತೆ, ಇಲ್ಲಿಯೂ ಒಂದಕ್ಷರದ ಬದಲಾವಣೆಯಿಂದ ವಂಶ ತಿಳಿಯುತ್ತದೆ. ಹೊರಕವಚದ ಪ್ರೋಟೀನಿನಲ್ಲಿ 584 ಕೊಂಡಿಗಳಿವೆ. ಅವುಗಳಲ್ಲಿ 426ನೆಯದು ಯಾವುದೆಂಬುದರ ಮೇಲೆ ಪ್ರಭೇದಗಳನ್ನು ವಿಂಗಡಿಸುವುದು ರೂಢಿ. ಹೆಸರಿಡುವುದರಲ್ಲಿ ವಿಜ್ಞಾನಿಗಳು ಕವಿಗಳಲ್ಲ: 2ಎ, 2ಬಿ, 2ಸಿ ಎಂದು ಹೋಟೆಲಿನ ಕೋಣೆಗಳಂತೆ ಕರೆದಿದ್ದಾರೆ. 2000ದಲ್ಲಿ ಇಟಲಿಯಲ್ಲಿ ಗುರುತಿಸಿದ 2ಸಿ ಭಾರತದಲ್ಲಿಯೂ ಇದೆಯೆಂದು 2010ರಲ್ಲಿ ವರದಿಯಾಯಿತು.

ಮಗುವಿನಂತೆ ಸಾಕಿದ ಮರಿ ನರಳುತ್ತಿರುವಾಗ ಈ ಅಕ್ಷರಾಭ್ಯಾಸ ಏತಕ್ಕೆಂದು ಗೃಹಿಣಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆ ಹೊತ್ತಿಗೆ ಬೇಕಾದದ್ದು ರಕ್ತನಾಳದ ಮೂಲಕ ಕೊಡುವ ದ್ರವ, ಬೆಚ್ಚನೆಯ ಆರೈಕೆ, ಬೇರೆ ನಾಯಿಗಳಿಂದ ದೂರ, ವೈರಾಣುವಿನ ಕುಲಗೋತ್ರವಲ್ಲ. ಹೆಡತಲೆಯವರಾದರೆ ವರದಿಗಾಗಿ ಕಾಯದೆ ನಂಜನಗೂಡಿನ ಪಶು ಆಸ್ಪತ್ರೆಗೆ ಓಡುವುದೇ ಲೇಸು. ಆದರೆ ಲಸಿಕೆ ಹಾಕಿಸಿದ ಕೆಲವೇ ದಿನಗಳಲ್ಲಿ ಮರಿಗೆ ಭೇದಿಯಾದರೆ? ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಾಣುವೂ ಮಲದಲ್ಲಿ ಕಾಣಿಸಿಕೊಳ್ಳಬಹುದು. ಅದೋ ಬೀದಿಯಿಂದ ಬಂದದ್ದೋ ಎಂಬುದನ್ನು ಅಕ್ಷರ ಓದಿಯೇ ಹೇಳಬೇಕು. ಇಂದಿನ ಲಸಿಕೆಗಳು ಹೊಸ ಪ್ರಭೇದಗಳನ್ನೂ ತಡೆಯುತ್ತಿವೆಯೇ ಎಂಬ ಎಚ್ಚರಿಕೆಗೂ ಈ ಓದು ಬೇಕು. ಸದ್ಯಕ್ಕೆ ಅವು ತಡೆಯುತ್ತಿವೆಯೆಂಬುದೇ ಬಹುಮಂದಿ ತಜ್ಞರ ಅಭಿಪ್ರಾಯ.

ಹೀಗಿದ್ದೂ ಲಸಿಕೆ ಹಾಕಿಸಿದ ಮರಿಗಳು ಸಾಯುವುದುಂಟು. ಇದಕ್ಕೆ ತಾಯಿಹಾಲೇ ಒಂದು ಕಾರಣವೆಂದರೆ ನಂಬುವುದು ಕಷ್ಟ. ತಾಯಿಯಿಂದ ಬಂದ ರಕ್ಷಣೆ ರಕ್ತದಲ್ಲಿ ಉಳಿದಿರುವವರೆಗೆ ಅದು ಲಸಿಕೆಯನ್ನೂ ನಿಷ್ಫಲಗೊಳಿಸುತ್ತದೆ. ಅದು ಕರಗುತ್ತ ಬಂದು, ರೋಗವನ್ನು ತಡೆಯಲಾರದ, ಆದರೆ ಲಸಿಕೆಯನ್ನು ಕೆಡಿಸಬಲ್ಲ ಕೆಲವು ದಿನಗಳು ನಡುವೆ ಬರುತ್ತವೆ. ಆ ದಿನಗಳು ಯಾವ ಮರಿಗೆ ಯಾವಾಗವೆಂದು ಹೇಳಲಾಗದು. ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಬಳಿಕ ಹದಿನಾರು ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಎಂಬ ಕ್ರಮ ಹುಟ್ಟಿದ್ದು ಅದಕ್ಕಾಗಿಯೇ. ಒಂದು ಚುಚ್ಚಿಸಿ 'ಆಯಿತು' ಎನ್ನುವ ಮನೆಗಳೇ ಹೆಚ್ಚು.

ನಾಯಿಯ ಪಾರ್ವೊ ಮನುಷ್ಯರಿಗೆ ತಗಲುವುದಿಲ್ಲ. ಮಕ್ಕಳ ಬಗೆಗೆ ಆತಂಕ ಬೇಡ. ಆದರೆ ಚಪ್ಪಲಿಗೆ ಅಂಟಿ ಅದು ಮನೆಯಿಂದ ಮನೆಗೆ ನಡೆದುಹೋಗುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಸಾಮಾನ್ಯ ಸಾಬೂನಿಗೆ ಅದು ಜಗ್ಗದು. ಮೊದಲು ನೆಲವನ್ನು ತೊಳೆದು, ಬಳಿಕ ಬ್ಲೀಚಿಂಗ್ ದ್ರಾವಣವನ್ನು ಮೂವತ್ತು ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಿ ಸುರಿದು ಹತ್ತು ನಿಮಿಷ ಬಿಡಬೇಕು. ಮರಿಯನ್ನು ಕಳೆದುಕೊಂಡ ಮನೆಯಲ್ಲಿ ಮಕ್ಕಳು ಅತ್ತು ಹಟ ಮಾಡಿದರೆಂದು ಮರುವಾರವೇ ಇನ್ನೊಂದು ಎಳೆಯ ಮರಿಯನ್ನು ತಂದು ಅದೇ ಗೋಣಿಚೀಲದ ಮೇಲೆ ಮಲಗಿಸುವವರುಂಟು. ಆ ಗೋಣಿಚೀಲವನ್ನು ಸುಟ್ಟುಬಿಡಬೇಕು. ಹೊಸ ಮರಿಯನ್ನು ಅದರ ಚುಚ್ಚುಮದ್ದುಗಳೆಲ್ಲ ಮುಗಿದ ಮೇಲೆಯೇ ಮನೆಗೆ ತರಬೇಕು.