ತೆರೆಯ ಮೇಲಿನ ಗಾಡಿ, ಹಿತ್ತಲಲ್ಲಿರುವ ಗಾಡಿ

1975ರ ಆಗಸ್ಟ್ 1ರಂದು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ದೇಶದ ಆರು ರಾಜ್ಯಗಳ ಆಯ್ದ ಹಳ್ಳಿಗಳಿಗೆ ಟಿ.ವಿ. ಬಂತು. ಕರ್ನಾಟಕದ ಪಾಲಿಗೆ ಸಿಕ್ಕಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ನಮ್ಮ ಬಿಸಿಲುನಾಡಿನ ಹಳ್ಳಿಗಳ ಜನ ಊರಿಗೊಂದು ಪೆಟ್ಟಿಗೆಯ ಮುಂದೆ ಕುಳಿತು ಒಕ್ಕಲುತನ, ಆರೋಗ್ಯದ ಪಾಠ ನೋಡಿದ್ದರು! ಒಂದು ವರ್ಷದ ನಂತರ ಪ್ರಯೋಗ ಮುಗಿದು ಉಪಗ್ರಹ ತನ್ನ ದಾರಿ ಹಿಡಿಯಿತು.

ಅದೇ ಆಗಸ್ಟ್ 15ರಂದು ಮುಂಬೈಯಲ್ಲಿ 'ಶೋಲೆ' ತೆರೆಕಂಡಿತು. ಚಿತ್ರೀಕರಣವಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಇಬ್ಬರು ಗೆಳೆಯರು ಪಕ್ಕದಲ್ಲಿ ತೊಟ್ಟಿ ಜೋಡಿಸಿದ ಮೋಟರ್‌ಸೈಕಲ್ಲಿನ ಮೇಲೆ ಹಾಡುತ್ತ ಹೋಗುವ ದೃಶ್ಯವನ್ನು ಯಾರು ಮರೆತಾರು? ಅದು ಬಿಎಸ್‌ಎ ಗಾಡಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ದುಡಿದ ಜಾತಿ. ಸಿನಿಮಾ ಬರುವ ಹೊತ್ತಿಗೇ ಅದು ಮುದುಕ. ಆದರೂ ಐವತ್ತು ವರ್ಷಗಳ ನಂತರವೂ ಅದನ್ನು ಕಂಡವರು 'ಶೋಲೆ ಗಾಡಿ' ಅನ್ನುತ್ತಾರೆಯೇ ಹೊರತು ಬಿಎಸ್‌ಎ ಅನ್ನುವುದಿಲ್ಲ.

ಗಾಡಿಯ ಹೆಸರನ್ನೇ ಅಳಿಸಿ ತನ್ನ ಹೆಸರು ಬರೆಯುವ ಶಕ್ತಿ ತೆರೆಗಿದೆ. 1973ರಲ್ಲಿ ರಾಜ್ ಕಪೂರ್ ಅವರ 'ಬಾಬಿ' ಬಂದಾಗಲೂ ಹೀಗೇ ಆಯಿತು. ಅದರಲ್ಲಿ ರಿಷಿ ಕಪೂರ್ ಓಡಿಸಿದ ಪುಟ್ಟ ರಾಜದೂತ್ ಜಿಟಿಎಸ್ 175 ಗಾಡಿಗೆ ಕಂಪನಿ ಇಟ್ಟ ಹೆಸರು ಯಾರಿಗೂ ನೆನಪಿಲ್ಲ, ಅದು ಎಲ್ಲರಿಗೂ 'ಬಾಬಿ'. ಹಳ್ಳಿಯ ಹಾಲಿನ ಕ್ಯಾನು, ಹತ್ತಿಯ ಗಂಟು ಹೊತ್ತದ್ದು ಮಾತ್ರ ಅದರ ಅಣ್ಣ, ಸಾದಾ ರಾಜದೂತ್. ಸಿನಿಮಾ ಒಂದನ್ನು ಪ್ರಸಿದ್ಧ ಮಾಡಿತು, ಬದುಕು ಇನ್ನೊಂದನ್ನು ಕೊಂಡಿತು. 1989ರ 'ಹಮಾರಾ ಬಜಾಜ್' ಜಾಹೀರಾತಿನ ಕಥೆ ಬೇರೆ. ಅಲ್ಲಿ ನಾಯಕನೇ ಇರಲಿಲ್ಲ. ಸ್ಕೂಟರ್ ಒರೆಸುವವರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟವರು, ಅಷ್ಟೇ. ಚೇತಕ್‌ಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದ ತಂದೆಯಂದಿರು ದೂರದರ್ಶನದಲ್ಲಿ ತಮ್ಮನ್ನೇ ಕಂಡರು.

ಈಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವುದಾದರೂ ಊರಿನ ಹಿತ್ತಲಿಗೆ ಬರೋಣ. ಕಣಿಕೆ ಬಣವೆಯ ಪಕ್ಕ, ಗೋಣಿತಟ್ಟು ಹೊದ್ದು ಒಂದು ಯೆಜ್ಡಿ ನಿಂತಿರಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಅಲ್ಲಿ 1961ರಿಂದ ಜಾವಾ, 1970ರ ದಶಕದಿಂದ ಯೆಜ್ಡಿ ತಯಾರಾದವು. ಎರಡು ಸೈಲೆನ್ಸರ್, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಕಿಕ್ ಹೊಡೆದ ಸಳಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು! ಇಂದಿನ ಹುಡುಗರಿಗೆ ಇದನ್ನು ತೋರಿಸಿದರೆ ನಂಬುವುದಿಲ್ಲ. ಕಡಿಮೆ ಪೆಟ್ರೋಲ್ ಕುಡಿಯುವ ಜಪಾನೀ ತಂತ್ರದ 100 ಸಿಸಿ ಗಾಡಿಗಳು ಬಂದ ಮೇಲೆ ಯೆಜ್ಡಿಯ ಕಾಲ ಮುಗಿಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅನೇಕ ಗಾಡಿಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು.

ಆಮೇಲೆ ತೆರೆ ಮತ್ತೆ ಹಿಂದಕ್ಕೆ ನೋಡತೊಡಗಿತು. 2016ರ 'ಕಿರಿಕ್ ಪಾರ್ಟಿ'ಯಲ್ಲಿ ಇಂಜಿನಿಯರಿಂಗ್ ಹುಡುಗರ ಗುಂಪಿನ ಕೈಗೆ ಬಂದದ್ದು ಹಳೆಯ ಕಾಂಟೆಸ್ಸಾ. ಅದರ ತಯಾರಿಕೆ 2002ರಲ್ಲೇ ನಿಂತಿತ್ತು, ಅಂದರೆ ಚಿತ್ರ ನೋಡಿದ ಬಹಳ ಮಂದಿ ವಿದ್ಯಾರ್ಥಿಗಳು ಅದನ್ನು ಹೊಸದಾಗಿ ಕಂಡವರೇ ಅಲ್ಲ. 2018ರ 'ಕೆಜಿಎಫ್' ಎಪ್ಪತ್ತು-ಎಂಬತ್ತರ ದಶಕದ ಕೋಲಾರವನ್ನು ಕಟ್ಟಲು ಆ ಕಾಲದ ವಾಹನಗಳನ್ನೆಲ್ಲ ಕಲೆಹಾಕಿತು. ಅದೇ ವರ್ಷ ಜಾವಾ, 2022ರಲ್ಲಿ ಯೆಜ್ಡಿ ಹೊಸ ಕಂಪನಿಯ ಕೈಯಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಹೆಸರು ಹಳೆಯದು, ಯಂತ್ರ ಹೊಸದು.

ಇಲ್ಲಿಂದಲೇ ಮನೆಯಲ್ಲಿ ಜಗಳ ಶುರು.

"ಅಪ್ಪಾ, ಹಿತ್ತಲದಾಗಿನ ಗಾಡಿ ಹೊರಗ ತಗೀ. ಕರೀ ಬಣ್ಣ ಹೊಡಸ್ತೀನಿ, ಹಿಂದ ದಪ್ಪ ಟೈರ್ ಹಾಕಸ್ತೀನಿ."

"ಹತ್ತು ವರ್ಷ ಅಲ್ಲೇ ಬಿದ್ದೈತಿ. ಒಮ್ಮೆರೆ ಹೊಳ್ಳಿ ನೋಡಿದಿ ಏನ? ಈಗ ಸಿನಿಮಾದವ್ರು ಹೇಳಿದ್ಮ್ಯಾಲೆ ನೆನಪಾತು?"

ಇಬ್ಬರಲ್ಲೂ ಅರ್ಧ ನ್ಯಾಯವಿದೆ. ಸಿನಿಮಾ ನೋಡಿಯಾದರೂ ಮಗನಿಗೆ ಆ ಗಾಡಿ ಕಣ್ಣಿಗೆ ಬಿತ್ತಲ್ಲ ಎನ್ನಬೇಕು. ಆದರೆ ಅವನು ಮಾಡಹೊರಟಿರುವುದು ಗಾಡಿಗೆ ಜೀವ ಕೊಡುವ ಕೆಲಸವಲ್ಲ, ನಾಯಕನ ವೇಷ ಹಾಕುವ ಕೆಲಸ. ಹಳೆಯ ಗಾಡಿಯ ಬೆಲೆ ಹಾಳಾಗುವುದು ತುಕ್ಕಿನಿಂದ ಎಷ್ಟೋ, ಇಂಥ ಉತ್ಸಾಹದಿಂದಲೂ ಅಷ್ಟೇ.

ಈ ಮಾತಿಗೆ ಅಮೆರಿಕದ ಒಂದು ಕಾರಿನ ಕಥೆ ಕೇಳಬೇಕು. 1968ರ 'ಬುಲಿಟ್' ಚಿತ್ರದಲ್ಲಿ ಸ್ಟೀವ್ ಮೆಕ್‌ಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಹಾರಿಸಿದ ಹಸಿರು ಫೋರ್ಡ್ ಮಸ್ಟ್ಯಾಂಗನ್ನು 1974ರಲ್ಲಿ ಒಂದು ಸಾಧಾರಣ ಕುಟುಂಬ 6 ಸಾವಿರ ಡಾಲರಿಗೆ ಕೊಂಡಿತು. ಮನೆಯೊಡತಿ ಶಾಲಾ ಶಿಕ್ಷಕಿ. ಆ ಪ್ರಸಿದ್ಧ ಕಾರಿನಲ್ಲೇ ಶಾಲೆಗೆ ಹೋಗಿ ಬರುತ್ತಿದ್ದರು! ಮೆಕ್‌ಕ್ವೀನ್ ಸ್ವತಃ ಪತ್ರ ಬರೆದು ಕೇಳಿದರೂ ಮನೆಯವರು ಕೊಡಲಿಲ್ಲ. 1980ರಲ್ಲಿ ಕ್ಲಚ್ ಕೆಟ್ಟು ಕಾರು ಮೂಲೆಗೆ ಸೇರಿತು. 2020ರ ಜನವರಿಯಲ್ಲಿ ಮಗ ಹರಾಜಿಗಿಟ್ಟಾಗ ಬಂದ ಬೆಲೆ 37 ಲಕ್ಷ ಡಾಲರಿಗೂ ಹೆಚ್ಚು. ಗಮನಿಸಬೇಕಾದದ್ದು ಇಷ್ಟೇ: ಅದಕ್ಕೆ ಹೊಸ ಬಣ್ಣ ಬಳಿದಿರಲಿಲ್ಲ. ತಗ್ಗು, ಗೀರು, ಮಾಸಿದ ಹಸಿರು ಎಲ್ಲ ಇದ್ದಂತೆಯೇ ಇದ್ದವು. ಕೊಂಡವರು ಹಣ ಕೊಟ್ಟದ್ದು ಆ ಗೀರುಗಳಿಗೇ.

ಹಿತ್ತಲಿನ ಯೆಜ್ಡಿಗೆ ಅಂಥ ಬೆಲೆ ಬಂದೀತೆಂದು ಯಾರೂ ಕನಸು ಕಾಣಬೇಕಾಗಿಲ್ಲ. ಅದು ಯಾವ ಸಿನಿಮಾದಲ್ಲೂ ಓಡಿದ್ದಲ್ಲ. ಆದರೆ ಲೆಕ್ಕ ಅದೇ.

ತೆರೆ ಹಳೆಯ ಗಾಡಿಗಳನ್ನು ಉಳಿಸುತ್ತದೆ ಎಂಬ ಮಾತನ್ನೂ ಪೂರ್ತಿ ನಂಬುವಂತಿಲ್ಲ. 'ಬ್ಯಾಕ್ ಟು ದಿ ಫ್ಯೂಚರ್' ಚಿತ್ರ ಡಿಲೋರಿಯನ್ ಕಾರನ್ನು ಲೋಕಪ್ರಸಿದ್ಧ ಮಾಡಿದ್ದು 1985ರಲ್ಲಿ. ಉತ್ತರ ಐರ್ಲೆಂಡಿನ ಅದರ ಕಾರ್ಖಾನೆ ಸುಮಾರು 9 ಸಾವಿರ ಕಾರು ಮಾಡಿ 1982ರಲ್ಲೇ ಮುಳುಗಿತ್ತು. ಮದುವೆ ಮುಗಿದ ಮೇಲೆ ಬಾಜಾಭಜಂತ್ರಿ! ಇನ್ನು 1979ರಿಂದ 1985ರವರೆಗೆ ನಡೆದ 'ದಿ ಡ್ಯೂಕ್ಸ್ ಆಫ್ ಹಜಾರ್ಡ್' ಎಂಬ ಟಿ.ವಿ. ಧಾರಾವಾಹಿಯಲ್ಲಿ ಕಿತ್ತಳೆ ಬಣ್ಣದ ಡಾಡ್ಜ್ ಚಾರ್ಜರ್ ವಾರವಾರವೂ ಹಳ್ಳ ಹಾರುತ್ತಿತ್ತು. ಹಾರಿದ ಕಾರು ನೆಲಕ್ಕಿಳಿದ ಮೇಲೆ ಬಹುಪಾಲು ಗುಜರಿಯೇ. ಹೀಗೆ ಬಲಿಯಾದವು 300ರ ಆಸುಪಾಸು ಎಂದು ಲೆಕ್ಕ. ಆ ಕಾರಿನ ಬೆಲೆ ಏರಲು ಧಾರಾವಾಹಿ ಕಾರಣ, ಸಂಖ್ಯೆ ಇಳಿಯಲೂ ಅದೇ ಕಾರಣ.

ಹಾಗಿದ್ದರೆ ಹಳೆಯ ಗಾಡಿ ಉಳಿಯುವುದು ಯಾರಿಂದ? ಮಿಸ್ತ್ರಿಯಿಂದ. ಯೆಜ್ಡಿಯ ಸದ್ದು ಕೇಳಿಯೇ ಪಾಯಿಂಟ್ ಸರಿಯಿಲ್ಲವೋ, ಪ್ಲಗ್ ಕರಿಗಟ್ಟಿದೆಯೋ ಹೇಳಬಲ್ಲ ಕೈಗಳು ತಾಲ್ಲೂಕು ಊರುಗಳಲ್ಲಿ ಕಡಿಮೆಯಾಗುತ್ತಿವೆ. ಅವರ ಮಕ್ಕಳು ಆ ಕಸುಬಿಗೆ ಬರುವುದಿಲ್ಲ. ಐಟಿಐ, ಡಿಪ್ಲೊಮಾ ಓದುವ ಹುಡುಗನೊಬ್ಬ ರಜೆಯಲ್ಲಿ ಅಂಥವರ ಬಳಿ ಕುಳಿತು ಕಾರ್ಬೊರೇಟರ್ ಬಿಚ್ಚಿ ಜೋಡಿಸುವುದನ್ನು ಕಲಿತರೆ, ದಪ್ಪ ಟೈರಿಗೆ ಹಾಕುವ ದುಡ್ಡಿಗಿಂತ ಅಗ್ಗವಾದೀತು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಹದಿನೆಂಟು ತುಂಬದ ಮಗ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪಾಲಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಇನ್ನೊಂದು ಕಡೆ, 2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮ ಹಳೆಯ ಗಾಡಿಗಳಿಗೆ ಮರ್ಯಾದೆಯ ಸ್ಥಾನ ಕೊಟ್ಟಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ವಾಹನ ಮತ್ತು ಕಾರುಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, ಹತ್ತು ವರ್ಷದ ಅವಧಿ, ನಂಬರಿನ ನಡುವೆ 'ವಿಎ' ಅಕ್ಷರ. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಚಾಸಿ, ಬಾಡಿ, ಇಂಜಿನ್ ಗಣನೀಯವಾಗಿ ಬದಲಾಗಿದ್ದರೆ ಅರ್ಜಿಯೇ ಇಲ್ಲ.

'ಬಾಬಿ' ಬಂದ 1973ರ ಗಾಡಿಗಳು ಈಗಾಗಲೇ ಐವತ್ತು ದಾಟಿವೆ. 1975ರ ಆಗಸ್ಟಿನಲ್ಲಿ, ಊರ ಜನ ಮೊದಲ ಟಿ.ವಿ. ನೋಡುತ್ತಿದ್ದಾಗ ನೋಂದಣಿಯಾದ ಯೆಜ್ಡಿಗೆ 2025ರ ಆಗಸ್ಟಿನಲ್ಲಿ ಐವತ್ತು ತುಂಬಿತು. ಅದಕ್ಕೆ ಬಣ್ಣ ಹೊಡೆಸುವ ಮೊದಲು ಅಪ್ಪ, ಮಗ ಇಬ್ಬರೂ ಸೇರಿ ಹುಡುಕಬೇಕಾದದ್ದು ಒಂದಿದೆ: ಅವ್ವನ ಟ್ರಂಕಿನ ತಳದಲ್ಲಿ, ಹೊಲದ ಉತಾರಿಯ ಜೊತೆ ಮಡಚಿಟ್ಟಿರಬಹುದಾದ ಆರ್‌ಸಿ ಪುಸ್ತಕ.