ಫೈರ್‌ವಾಲ್ ಹಾಕಿದ ಮೇಲೆ ನೆಟ್ ಬರ್ತಿಲ್ವಾ?

ಮನೆಗೆ ಹೊಸ ಫೈರ್‌ವಾಲ್ ಹಾಕಿದ್ರಿ.
ಲೈಟೆಲ್ಲ ಹಸಿರು.
ಆದ್ರೆ ನೆಟ್ ಇಲ್ಲ. ಯಾಕೆ?

ಮೊದಲು ವ್ಯಾನ್ ಪೋರ್ಟ್ ನೋಡಿ.
ಅಂದ್ರೆ, ಹೊರಗಿನಿಂದ ಇಂಟರ್ನೆಟ್ ಬರೋ ಜಾಗ.
ಅದಕ್ಕೆ ಐಪಿ ವಿಳಾಸ ಸಿಕ್ಕಿದೆಯಾ?
ಇಲ್ವಾ? ಕೇಬಲ್ ಸರಿಯಾದ ಪೋರ್ಟಲ್ಲಿದೆಯಾ ನೋಡಿ.
ಮೋಡೆಮ್ ಒಮ್ಮೆ ಆಫ್ ಮಾಡಿ, ಆನ್ ಮಾಡಿ.

ಸಿಕ್ಕಿದೆಯಾ? ಹಾಗಾದ್ರೆ ಆ ನಂಬರ್ ಓದಿ.
ಅದು 192.168.1. ಅಂತ ಶುರುವಾದ್ರೆ ತೊಂದರೆ ಅಲ್ಲೇ ಇರಬಹುದು.
ಪಿಎಫ್‌ಸೆನ್ಸ್ ಫೈರ್‌ವಾಲ್ ಒಳಗಡೆಗೆ ತಾನಾಗೇ ಇಟ್ಕೊಳ್ಳೋ ವಿಳಾಸ
192.168.1.1.
ಇಂಟರ್ನೆಟ್ ಕಂಪನಿ ಕೊಡೋ ಎಷ್ಟೋ ರೂಟರ್‌ಗಳದ್ದೂ ಅದೇ!

ಒಂದೇ ಬೀದೀಲಿ
ಎರಡು ಮನೆಗೆ ಒಂದೇ ಡೋರ್ ನಂಬರ್ ಇದ್ರೆ,
ಪೋಸ್ಟ್‌ಮ್ಯಾನ್ ಕಾಗದ ಯಾರಿಗೆ ಕೊಡ್ಬೇಕು?
ನಿಮ್ಮ ಡೇಟಾ ಗತಿನೂ ಅದೇ.

ಪರಿಹಾರ ಸುಲಭ.
ಫೈರ್‌ವಾಲ್‌ನ ಲ್ಯಾನ್ ವಿಳಾಸ, ಅಂದ್ರೆ ಒಳಗಡೆಯ ವಿಳಾಸ, ಬದಲಿಸಿ.
192.168.10.1 ಅಂತ ಕೊಡಿ.
ಕಂಪ್ಯೂಟರ್‌ಗಳಿಗೆ ಅದು ಹಂಚೋ ಡಿಎಚ್‌ಸಿಪಿ ವಿಳಾಸಗಳನ್ನೂ ಅದಕ್ಕೆ ಹೊಂದಿಸಿ.
ಕಂಪ್ಯೂಟರ್ ಕೇಬಲ್ ತೆಗೆದು ಮತ್ತೆ ಹಾಕಿ.

ಆಗ್ಲೂ ಬರ್ಲಿಲ್ವಾ?
8.8.8.8 ಅನ್ನೋ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ.
ಉತ್ತರ ಬರ್ತಿದೆ, ವೆಬ್‌ಸೈಟ್ ಮಾತ್ರ ತೆರೀತಿಲ್ಲ ಅಂದ್ರೆ
ತೊಂದರೆ ಡಿಎನ್‌ಎಸ್‌ದು, ಅಂದ್ರೆ ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡೋ ವ್ಯವಸ್ಥೆದು. ಅದನ್ನ ಸರಿಮಾಡಿ.

ಕೊನೇದಾಗಿ, ದಯವಿಟ್ಟು ಕೇಳಿ.
ಬೇಸರಕ್ಕೆ ವ್ಯಾನ್ ಮೇಲೆ ಎಲ್ಲದಕ್ಕೂ ಅನುಮತಿ ಕೊಡೋ ರೂಲ್ ಹಾಕ್ಬೇಡಿ.
ಅದ್ರಿಂದ ನಿಮಗೆ ನೆಟ್ ಬರಲ್ಲ.
ಹೊರಗಿನವರಿಗೆ ಒಳಗೆ ದಾರಿ ಆಗುತ್ತೆ, ಅಷ್ಟೇ.